ಸೀರೆಯ ಮೇಲೊಂದು ಕರಿ ಅಂಗಿ

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲಿಗೆ ಹುರಿ ಕೊಡುವ ಒಂದು ಶೆಡ್ಡಿತ್ತು. ಊರಿನವರ ಬಾಯಲ್ಲಿ ಅದು ಬರೀ ‘ಟ್ವಿಸ್ಟಿಂಗ್’. ಅಂಬಾಜಿದುರ್ಗದ ಪಕ್ಕದ ಹಳ್ಳಿಯಿಂದ ಈ ಊರಿಗೆ ಸೊಸೆಯಾಗಿ ಬಂದ ಆಂಜಿನಮ್ಮ, ಬಂದ ಮರುವರ್ಷವೇ ಆ ಶೆಡ್ಡಿಗೆ ಕೆಲಸಕ್ಕೆ ಸೇರಿದಳು. ಗಂಡ ಚೆನ್ನರಾಯಪ್ಪ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ. ಅವನು ಗೂಡು ಹೊತ್ತ, ಅವಳು ನೂಲು ನೋಡಿಕೊಂಡಳು. ಊರಿನ ಅರ್ಧ ಸಂಸಾರಗಳು ನಡೆಯುತ್ತಿದ್ದದ್ದು ಹೀಗೆಯೇ, ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ.

ಹೇಳಿಕೊಳ್ಳುವಂಥದ್ದು ಇದ್ದದ್ದು ಆ ಶೆಡ್ಡಿನ ಗದ್ದಲ. ತಗಡಿನ ಮಾಡು, ಅದರ ಕೆಳಗೆ ಸಾಲಾಗಿ ನಿಂತ ಮಿಷನ್ನುಗಳು, ಒಂದೊಂದು ಮಿಷನ್ನಿನ ಉದ್ದಕ್ಕೂ ಗಿರಗಿರನೆ ತಿರುಗುವ ಸ್ಪಿಂಡಲ್ಲುಗಳು. ಸ್ವಿಚ್ಚು ಹಾಕಿದರೆ ಮುಗಿಯಿತು, ಪಕ್ಕದಲ್ಲಿ ನಿಂತವರು ಗಂಟಲು ಹರಿದುಕೊಂಡರೂ ಕೇಳಿಸುತ್ತಿರಲಿಲ್ಲ. ಹಾಗೆಂದು ಹೆಂಗಸರು ಮಾತು ಬಿಟ್ಟರೇ? ಎಲ್ಲಾದರೂ ಉಂಟೇ! ದನಿ ಹೊರಡಿಸದೆ ತುಟಿಯಲ್ಲೇ ಮಾತಾಡುವುದನ್ನು ಕಲಿತರು. ಅತ್ತೆಯ ಕಾಟ, ಮಗಳ ಮದುವೆ, ಸಾರಿಗೆ ಹಾಕಿದ ಹುಳಿ, ಎಲ್ಲವೂ ಮೂರು ಮಿಷನ್ನು ಆಚೆಗೂ ಸಲೀಸಾಗಿ ಹೋಗಿ ಮುಟ್ಟುತ್ತಿತ್ತು. ಅವಸರಕ್ಕೆ ಕೈ ಸನ್ನೆಗಳಿದ್ದವು. ತೋರುಬೆರಳು ಕಿರುಬೆರಳು ಎರಡನ್ನೇ ಎತ್ತಿ ಹಿಡಿದರೆ ‘ನಿನ್ನ ಮಿಷನ್ನಿನ ಎರಡೂ ಕೊನೇಲಿ ದಾರ ಕಡಿದಿದೆ, ಓಡು’ ಎಂದರ್ಥ.

ಅಲ್ಲಿ ಉಡುಪಿಗೂ ಕಟ್ಟುನಿಟ್ಟಿತ್ತು. ಕೂದಲು ಬಿಗಿಯಾಗಿ ಗಂಟು ಕಟ್ಟಿರಬೇಕು, ಬಳೆ ಸಡಿಲವಿರಬಾರದು, ಸೆರಗು ಹಾರಬಾರದು. ಸೆರಗು ಹಾರದಿರಲೆಂದು ಹೆಂಗಸರೆಲ್ಲ ಸೀರೆಯ ಮೇಲೆ ಗಂಡಸರ ಹಳೇ ಅಂಗಿ ತೊಡುತ್ತಿದ್ದರು. ಆಂಜಿನಮ್ಮನ ಪಾಲಿಗೆ ಬಂದದ್ದು ಕಪ್ಪು ಅಂಗಿ. ಚೆನ್ನರಾಯಪ್ಪ ಒಂದು ವರ್ಷ ಮಾಲೆ ಹಾಕಿ ಶಬರಿಮಲೆಗೆ ಹೋಗಿಬಂದಿದ್ದ, ಆಗ ಹೊಲಿಸಿದ್ದು. ಮಾಲೆ ತೆಗೆದ ಮೇಲೆ ಅಂಗಿ ಮೂಲೆಗೆ ಬಿದ್ದಿತ್ತು. ಅದನ್ನು ಸೊಸೆ ಕೆಲಸಕ್ಕೆ ಹಾಕಿಕೊಂಡು ಹೊರಟಾಗ ಅತ್ತೆ ಚಿಕ್ಕಮುನಿಯಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. “ಸ್ವಾಮಿ ಬೆಟ್ಟದ ಮ್ಯಾಲವ್ನೆ ಕಣಮ್ಮ, ಅಂಗೀಲಿಲ್ಲ. ಹಾಕ್ಕೊಳ್ಲಿ ಬಿಡು” ಎಂದು ಚೆನ್ನರಾಯಪ್ಪ ತಾಯಿಯ ಬಾಯಿ ಮುಚ್ಚಿಸಿದ.

ಹೀಗೆ ಹದಿನೈದಿಪ್ಪತ್ತು ವರ್ಷ ಕಳೆಯಿತು. ಎಂಬತ್ತರ ದಶಕ ಹೋಗಿ ತೊಂಬತ್ತರ ದಶಕ ಬಂತು. ಒಂದು ಬೆಳಿಗ್ಗೆ ಆಂಜಿನಮ್ಮ ಅಡುಗೆ ಮಾಡುತ್ತ ರೇಡಿಯೋ ಹಚ್ಚಿದಳು, ಹಾಡು ಬರಲಿಲ್ಲ. ಸೆಲ್ಲು ವೀಕಾಗಿರಬೇಕೆಂದು ಹೊಸ ಸೆಲ್ಲು ಹಾಕಿದಳು. ಆಗಲೂ ಬಂದದ್ದು ಎಲ್ಲೋ ದೂರದಲ್ಲಿ ಯಾರೋ ಮೂಗಿನಲ್ಲಿ ಗುನುಗಿದ ಹಾಗೆ. ರೇಡಿಯೋದ ಕಿವಿ ಹಿಂಡಿ ಜೋರು ಮಾಡಿದಳು, ಇನ್ನೂ ಜೋರು ಮಾಡಿದಳು. ಹಿತ್ತಲಿನಿಂದ ಓಡಿಬಂದ ಅತ್ತೆಯ ತುಟಿ “ಏನೇ ಇದು, ಬೀದಿಗೆಲ್ಲ ಕೇಳಿಸ್ಬೇಕಾ!” ಎಂದು ಕುಣಿಯಿತು. ತುಟಿ ಕಾಣಿಸಿತು, ದನಿ ಬರಲಿಲ್ಲ. ಕೆಟ್ಟಿದ್ದು ರೇಡಿಯೋ ಅಲ್ಲ ಎಂದು ಆಂಜಿನಮ್ಮನಿಗೆ ಆ ಗಳಿಗೆಯಲ್ಲಿ ತಿಳಿದುಹೋಯಿತು.

ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಗಂಡ ಕೆಲಸ ಬಿಡಿಸುತ್ತಾನೆ, ಶೆಡ್ಡಿನ ಮೇಸ್ತ್ರಿ ಮನೆಗೆ ಕಳಿಸುತ್ತಾನೆ, ಅತ್ತೆ ಸಿಕ್ಕಸಿಕ್ಕವರ ಮುಂದೆ ‘ನಮ್ಮ ಕಿವುಡಿ’ ಎನ್ನುತ್ತಾಳೆ. ಶೆಡ್ಡಿನಲ್ಲಿ ಬಚ್ಚಿಡುವುದು ಕಷ್ಟವೇ ಆಗಲಿಲ್ಲ, ಅಲ್ಲಿ ಎಲ್ಲರೂ ತುಟಿ ನೋಡುವವರೇ ತಾನೆ. ಮನೆಯಲ್ಲಿ ಮಾತ್ರ ಪೇಚಾಟ. ಕತ್ತಲಾದರೆ ತುಟಿ ಕಾಣದು. ಕತ್ತಲೆಂದರೆ ಭಯ ಎಂದು ನೆಪ ಹೇಳಿ ಬುಡ್ಡಿ ದೀಪ ಆರಿಸದೆ ಇಡತೊಡಗಿದಳು. ಒಂದು ಸಂಜೆ ದೀಪ ಹಚ್ಚುವ ಮೊದಲೇ ಕರೆಂಟು ಹೋಗಿ, ಕತ್ತಲಲ್ಲಿ ಗಂಡ ಏನೋ ಹೇಳಿದ. ಹೇಳುತ್ತಿದ್ದಾನೆಂದು ಗೊತ್ತಾಯಿತೇ ಹೊರತು ಏನೆಂದು ಗೊತ್ತಾಗಲಿಲ್ಲ. ಅವಳು “ಹ್ಞೂಂ” ಎಂದಳು. ಮಾರನೇ ದಿನ ಅವನು ಒಂದು ಮೇಕೆಯನ್ನು ಹಿಡಿದುಕೊಂಡು ಬಂದು ಹಿತ್ತಲಲ್ಲಿ ಕಟ್ಟಿದ. ಮೇಕೆಯನ್ನು ಕಂಡರೆ ಆಗದ ಆಂಜಿನಮ್ಮ ಬಾಯಿ ಮುಚ್ಚಿಕೊಂಡು ಅದಕ್ಕೆ ಸೊಪ್ಪು ಹಾಕಿದಳು.

ಎಲ್ಲಕ್ಕಿಂತ ಅವಳ ಹೊಟ್ಟೆ ಉರಿಸಿದ್ದು ಹಾಡು ಹೋದದ್ದು. ಹಾಡೆಂದರೆ ಪ್ರಾಣ ಬಿಡುವವಳು ಅವಳು. ಜನರ ಮಾತನ್ನು ತುಟಿಯಿಂದ ಓದಬಹುದು, ಹಾಡನ್ನು ಎಲ್ಲಿಂದ ಓದುವುದು? ಒಲೆಯ ಮುಂದೆ ಕೂತು ಕೆಲವು ಸಲ ಅತ್ತಳು, ಹೊಗೆಯ ನೆಪ ಇತ್ತು.

ಕೋನಪ್ಪ ಬಂದದ್ದು ಆ ದಿನಗಳಲ್ಲಿ. ಪೆರೇಸಂದ್ರದ ಹುಡುಗ, ಚಿಕ್ಕಬಳ್ಳಾಪುರದಲ್ಲಿ ಐಟಿಐ ಓದಿ, ಬೆಂಗಳೂರಿನಲ್ಲಿ ಒಂದಷ್ಟು ದಿನ ವೈರಿಂಗ್ ಕೆಲಸ ಮಾಡಿ, ಶೆಡ್ಡಿನ ಎಲೆಕ್ಟ್ರಿಷಿಯನ್ ಆಗಿ ಬಂದಿದ್ದ. ಭುಜ ದಾಟಿದ ಕೂದಲು, ಬಾಯಿ ಮುಚ್ಚುವಷ್ಟು ಮೀಸೆ ಗಡ್ಡ, ಬಿಸಿಲಲ್ಲೂ ಕರೀ ಟೀಶರ್ಟು, ಸೊಂಟಕ್ಕೊಂದು ಸರಪಳಿ. ಟೀಶರ್ಟಿನ ಎದೆಯ ಮೇಲೆ ಹಲ್ಲು ಕಿರಿದ ಒಂದು ಮುಖ. ಮೊದಲ ಸಲ ಅವನು ಆಂಜಿನಮ್ಮನ ಮನೆಗೆ ಸ್ವಿಚ್ಚು ರಿಪೇರಿಗೆ ಬಂದಾಗ ಚಿಕ್ಕಮುನಿಯಮ್ಮ ಆ ಮುಖಕ್ಕೆ ಕೈ ಮುಗಿದು, “ಯಾವೂರ ಮಾರಮ್ಮನಪ್ಪ ಇದು? ಬಲೇ ಉಗ್ರವಾಗವಳೆ” ಎಂದು ಕುಂಕುಮ ಹಚ್ಚಲು ಕೈ ಚಾಚಿದಳು. ಕೋನಪ್ಪ ಎರಡು ಹೆಜ್ಜೆ ಹಿಂದೆ ಹಾರಿದ.

ಶೆಡ್ಡಿನಲ್ಲಿ ಊಟದ ನಂತರ ಹೆಂಗಸರಿಗೆ ತೂಕಡಿಕೆ. ದಾರ ಕಡಿದರೂ ಗಮನ ಇರದು. ಮೇಸ್ತ್ರಿ ವೆಂಕಟರಾಯಪ್ಪ ಮೊದಲು ರೇಡಿಯೋ ಇಟ್ಟು ನೋಡಿದ್ದ, ಗದ್ದಲದಲ್ಲಿ ಅದು ಎಲ್ಲಿ ಮುಳುಗಿತೋ ದೇವರಿಗೇ ಗೊತ್ತು. ಕೋನಪ್ಪ “ನನ್ನತ್ರ ಒಂದು ಹಾಡೈತೆ ಅಣ್ಣಾ, ಅದು ಮುಳುಗಲ್ಲ” ಎಂದು ಪಂಥ ಕಟ್ಟಿದವನ ಹಾಗೆ ಹೇಳಿ, ತನ್ನ ಟೇಪ್ ಡೆಕ್ಕನ್ನೂ ತಾನೇ ಪ್ಲೈವುಡ್ಡಿನಲ್ಲಿ ಮಾಡಿದ ದೊಡ್ಡ ಸ್ಪೀಕರ್ ಪೆಟ್ಟಿಗೆಯನ್ನೂ ತಂದು ಬಾಗಿಲ ಹತ್ತಿರ ಇಟ್ಟ. ಕ್ಯಾಸೆಟ್ಟು ಹಾಕಿದ.

ಆಂಜಿನಮ್ಮನಿಗೆ ಅದು ಮೊದಲು ಬಂದದ್ದು ಅಂಗಾಲಿಗೆ. ಆಮೇಲೆ ಎದೆಗೆ. ಏನೋ ಆಗುತ್ತಿದೆ ಎಂದು ಅವಳು ಕೈಯ ನೂಲಿನ ಬಾಬಿನ್ ಹಿಡಿದುಕೊಂಡೇ ನಿಂತಳು. ಎದೆಯಿಂದ ಅದು ನಿಧಾನವಾಗಿ ಕಿವಿಗೆ ಹತ್ತಿತು. ಡ್ರಮ್ಮು ಕೇಳಿಸಿತು, ಡ್ರಮ್ಮಿನ ಹಿಂದೆ ಗಿಟಾರು, ಅದರ ಹಿಂದೆ ಯಾರೋ ಕೂಗುವ ದನಿ. ಮಿಷನ್ನಿನ ಗದ್ದಲವನ್ನು ಎರಡು ಭಾಗ ಮಾಡಿ ನಡುವೆ ನುಗ್ಗಿ ಬರುತ್ತಿತ್ತು. ಪಕ್ಕದ ಮಿಷನ್ನಿನ ಶ್ಯಾಮಲಮ್ಮ ತುಟಿಯಲ್ಲಿ, “ಯಾರೋ ಯಾರಿಗೋ ಹೊಡೀತಾವ್ರಲ್ಲೇ!” ಎಂದಳು.

“ಹೊಡೀಲಿ ಬಿಡೇ, ಚೆನ್ನಾಗೈತೆ” ಎಂದಳು ಆಂಜಿನಮ್ಮ. ಅವಳ ಕಣ್ಣಲ್ಲಿ ನೀರಿತ್ತು. ವರ್ಷದ ಮೇಲೆ ಅವಳಿಗೆ ಒಂದು ಹಾಡು ಕೇಳಿಸಿತ್ತು.

ಇತ್ತ ಕೋನಪ್ಪ ಖುಷಿ ತಡೆಯಲಾರದೆ ತೋರುಬೆರಳು ಕಿರುಬೆರಳು ಎರಡನ್ನೂ ಎತ್ತಿ ಕೈ ಕುಲುಕಿದ. ಅವನ ಬಳಗದಲ್ಲಿ ಹಾಡು ಮೆಚ್ಚಿದವರು ಮಾಡುವ ಸನ್ನೆಯಂತೆ ಅದು. ಶೆಡ್ಡಿನ ಅಷ್ಟೂ ಹೆಂಗಸರು ಎದ್ದು ಬಿದ್ದು ತಮ್ಮ ತಮ್ಮ ಮಿಷನ್ನಿನ ಕೊನೆಗೆ ಓಡಿದರು. ಯಾರ ದಾರವೂ ಕಡಿದಿರಲಿಲ್ಲ. ಶ್ಯಾಮಲಮ್ಮ ವಾಪಸು ಬಂದು ಅವನ ಮುಖಕ್ಕೆ ಮಂಗಳಾರತಿ ಮಾಡಿದಳು, ಅದೂ ದನಿಯಿಲ್ಲದೆ. ಪಾಪ, ಅವನಿಗೆ ಒಂದಕ್ಷರ ಅರ್ಥವಾಗಲಿಲ್ಲ.

ದಿನ ಕಳೆದಂತೆ ಉಳಿದವರು ಆ ಹಾಡನ್ನು ಸಹಿಸಿಕೊಂಡರು, ಆಂಜಿನಮ್ಮ ಕಾಯತೊಡಗಿದಳು. ಊಟದ ಹೊತ್ತಿನಲ್ಲಿ ಹೊರಗೆ ಹುಣಸೆ ಮರದ ಕೆಳಗೆ ಡಬ್ಬಿ ಬಿಚ್ಚುತ್ತ, “ಕೋನಪ್ಪ, ನೆನ್ನೆ ಮೂರನೇದಾಗಿ ಬಂತಲ್ಲ, ಮೊದ್ಲು ಸಾವಕಾಶ ಆಮೇಲೆ ಒಂದೇ ಸಮ ನುಗ್ಗೋದು, ಅದನ್ನೇ ಇವತ್ತು ಹಾಕಪ್ಪ” ಎನ್ನುವಳು. ಅವನಿಗೆ ಆಶ್ಚರ್ಯ. ಬೆಂಗಳೂರಿನ ಗೆಳೆಯರೇ ಅಷ್ಟು ಗಮನವಿಟ್ಟು ಕೇಳಿದವರಲ್ಲ. ಅವಳ ತುಟಿ ಓದುವ ಕಣ್ಣಿಗೆ ಅವನ ಮೀಸೆ ಗಡ್ಡವೇ ಅಡ್ಡ, ಅರ್ಧ ಮಾತು ಊಹೆಯಲ್ಲೇ ಹೋಗುತ್ತಿತ್ತು.

“ಅಲ್ಲಪ್ಪ, ಹಾಡು ಕೇಳೋಕೆ ಈ ಕೂದ್ಲು, ಈ ಸರಪಳಿ ಎಲ್ಲಾ ಯಾಕೆ?” ಎಂದು ಒಂದು ದಿನ ಕೇಳಿದಳು.

“ಇದು ಬರೀ ಹಾಡಲ್ಲಕ್ಕ, ಇದಕ್ಕೆ ಮೆಟಲ್ ಅಂತಾರೆ. ಮೆಟಲ್ ಕೇಳೋನು ಮೆಟಲ್ ತರಾನೇ ಇರ್ಬೇಕು. ಇಸ್ತ್ರಿ ಪ್ಯಾಂಟು, ಬೈತಲೆ ಕ್ರಾಪು ಇಟ್ಕೊಂಡು ಇದನ್ನ ಕೇಳಿದ್ರೆ ಹಾಡಿಗೆ ಅವಮಾನ. ನೋಡಿದ್ ತಕ್ಷಣ ಇವನು ನಮ್ಮೋನು ಅಂತ ಗೊತ್ತಾಗ್ಬೇಕು.”

“ಹಂಗಾದ್ರೆ ನಾನು?”

ಕೋನಪ್ಪ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಗಂಟು ಕಟ್ಟಿದ ತಲೆ, ಅದಕ್ಕೆ ಸಿಕ್ಕಿಸಿದ ಕನಕಾಂಬರ, ವಾಯಿಲ್ ಸೀರೆ, ಹವಾಯಿ ಚಪ್ಪಲಿ. “ನೀನು ಸುಮ್ನೆ ಕೇಳಕ್ಕ” ಎಂದು ನಕ್ಕ.

“ಕರೀ ಅಂಗಿ ನಂದೂ ಐತೆ ಕಣೋ, ನಿಂಗಿಂತ ಮುಂಚಿಂದ” ಎಂದು ಅವಳೂ ನಕ್ಕಳು.

ಅಷ್ಟರಲ್ಲಿ ಅವನ ಸ್ಪೀಕರ್ ಪೆಟ್ಟಿಗೆ ಬಾಗಿಲ ಹತ್ತಿರದಿಂದ ಒಂದು ಮಿಷನ್ನಿನಷ್ಟು ಒಳಗೆ ಬಂದಿತ್ತು. ಯಾಕೆಂದು ಮೇಸ್ತ್ರಿ ಕೇಳಿದರೆ, ಆ ಗೋಡೆಯ ವೈರಿಂಗು ಸರಿಯಿಲ್ಲ ಎಂದ. ಕೆಲವು ವಾರಗಳಲ್ಲಿ ಇನ್ನೊಂದು ಮಿಷನ್ನಿನಷ್ಟು ಒಳಗೆ ಬಂತು. ಆಂಜಿನಮ್ಮನ ಅದೃಷ್ಟಕ್ಕೆ ವೈರಿಂಗು ಸರಿಯಿದ್ದದ್ದೆಲ್ಲ ಅವಳ ದಿಕ್ಕಿನಲ್ಲೇ.

ತೊಂಬತ್ತೈದರಲ್ಲಿ ಅವಳ ಎಡಗಿವಿ ಪೂರಾ ಹೋಯಿತು. ಬಲಗಿವಿಯಲ್ಲೂ ಈಗ ಪೆಟ್ಟಿಗೆ ಹತ್ತಿರವಿದ್ದರೆ ಮಾತ್ರ ಹಾಡು. ಇದೂ ಎಷ್ಟು ದಿನವೋ ಎಂಬ ದಿಗಿಲು ಅವಳಿಗೆ ಹತ್ತಿಕೊಂಡಿತು. ಆಗಲೇ ಕೋನಪ್ಪ ಹೇಳಿದ ಸುದ್ದಿ: ಬೆಂಗಳೂರಿನ ಒಂದು ಕಾಲೇಜಿನ ಮೈದಾನದಲ್ಲಿ ಭಾನುವಾರ ಮಧ್ಯಾಹ್ನ ಮೆಟಲ್ ಬ್ಯಾಂಡಿನವರು ಬಂದು ಎದುರಿಗೇ ನಿಂತು ಬಾರಿಸುತ್ತಾರಂತೆ, ಸ್ಪೀಕರುಗಳು ಆಳೆತ್ತರ ಇರುತ್ತವಂತೆ. ಆಳೆತ್ತರದ ಸ್ಪೀಕರು! ಕಿವಿ ಪೂರಾ ಮುಚ್ಚಿಕೊಳ್ಳುವ ಮುಂಚೆ ಒಂದೇ ಒಂದು ಸಲ ಹಾಡನ್ನು ಮಿಷನ್ನಿನ ಗದ್ದಲವಿಲ್ಲದೆ, ಹೊಟ್ಟೆ ತುಂಬ ಕೇಳಬೇಕೆಂದು ಅವಳಿಗೆ ಆಸೆಯಾಯಿತು. ತನಗಾಗಿ ಏನನ್ನೂ ಕೇಳಿದವಳಲ್ಲ ಆಂಜಿನಮ್ಮ. ಆ ದಿನ ಕೇಳಿದಳು. “ನನ್ನೂ ಕರ್ಕೊಂಡೋಗ್ತೀಯೇನಪ್ಪ?”

ಕೋನಪ್ಪ ತಡವರಿಸಿದ. “ಜಾಗ ಸಿಗಲ್ಲಕ್ಕ. ಎಲ್ಲಾ ಹುಡುಗ್ರೇ ಇರ್ತಾರೆ, ತಳ್ಳಾಟ...” ಎಂದು ಏನೇನೋ ಹೇಳಿ ಎದ್ದುಹೋದ.

ಮಧ್ಯಾಹ್ನ ಅವಳು ಮಿಷನ್ನಿನ ಹತ್ತಿರ ನಿಂತು ತಲೆಯೆತ್ತಿದಾಗ ಮೇಸ್ತ್ರಿಯ ಕೋಣೆಯ ಗಾಜಿನಾಚೆ ಕೋನಪ್ಪ ವೆಂಕಟರಾಯಪ್ಪನಿಗೆ ಏನೋ ಹೇಳುತ್ತಿದ್ದ. ನೋಡಬೇಕೆಂದು ನೋಡಿದ್ದಲ್ಲ, ಶೆಡ್ಡಿನವರ ಕಣ್ಣು ತುಟಿ ಕಂಡಲ್ಲಿ ತಾನಾಗಿ ನಿಲ್ಲುತ್ತದೆ. ಮೀಸೆಯ ಕೆಳಗಿಂದ ಸಿಕ್ಕಿದ್ದು ಚೂರು ಪಾರು. “...ಸೀರೆ ಉಟ್ಕೊಂಡು, ಹೂ ಮುಡ್ಕೊಂಡು... ನನ್ನ ಮಾನ ಉಳೀತದಾ ಅಣ್ಣಾ?”

ಅಷ್ಟು ಸಾಕಾಯಿತು. ಆಂಜಿನಮ್ಮ ತಲೆ ಬಗ್ಗಿಸಿ ದಾರಕ್ಕೆ ಗಂಟು ಹಾಕಿದಳು. ಅವಳಿಗೆ ಕೋಪ ಬಂದಿದ್ದರೆ ಚೆನ್ನಾಗಿತ್ತು, ನಾಚಿಕೆಯಾಯಿತು. ಈ ವಯಸ್ಸಿನಲ್ಲಿ ನನಗೇಕೆ ಬೇಕಿತ್ತು ಇದು ಎನ್ನಿಸಿತು. ಆಮೇಲೆ ಅವಳು ಹಾಡು ಹಾಕೆಂದು ಕೇಳುವುದನ್ನು ಬಿಟ್ಟಳು. ಕೋನಪ್ಪ ಹುಣಸೆ ಮರದ ಕೆಳಗೆ ಬಂದರೆ ಡಬ್ಬಿ ಮುಚ್ಚಿಕೊಂಡು ಎದ್ದು ಹೋಗುವಳು. ಪೆಟ್ಟಿಗೆ ಮಾತ್ರ ಆ ವಾರ ಮತ್ತೊಂದು ಮಿಷನ್ನಿನಷ್ಟು ಮುಂದೆ ಬಂದಿತ್ತು. ಅವಳು ಅದನ್ನು ಗಮನಿಸಿಯೂ ಗಮನಿಸದವಳ ಹಾಗಿದ್ದಳು.

ಶೋಗೆ ಒಂದು ವಾರ ಇರುವಾಗ ಆ ಅನಾಹುತ ನಡೆಯಿತು. ಹಿಂದಿನ ಸಾಲಿನ ಮಿಷನ್ನೊಂದರ ಬೆಲ್ಟು ಜಾರುತ್ತಿದೆಯೆಂದು ಕೋನಪ್ಪ ಅದನ್ನು ನಿಲ್ಲಿಸದೆಯೇ ಕೆಳಗೆ ಬಗ್ಗಿದ. ಮೇಸ್ತ್ರಿ ದಿನಾ ಬಾಯಿ ಬಡಿದುಕೊಳ್ಳುತ್ತಿದ್ದದ್ದಕ್ಕೆ ಕೂದಲನ್ನು ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದ್ದ. ಬಗ್ಗಿದಾಗ ರಬ್ಬರ್ ಬ್ಯಾಂಡು ಕಿತ್ತುಬಂತು. ಕೂದಲು ಬಿಚ್ಚಿಕೊಂಡು ಸರ್ರನೆ ತಿರುಗುವ ಶಾಫ್ಟಿಗೆ ಸುತ್ತಿಕೊಂಡಿತು.

ಅವನು ಕಿರುಚಿದ. ಆ ಶೆಡ್ಡಿನಲ್ಲಿ ಕಿರುಚಿದರೆ ಯಾರಿಗೆ ಕೇಳಿಸಬೇಕು? ಹತ್ತಿರದಲ್ಲಿದ್ದ ಶ್ಯಾಮಲಮ್ಮ ಬೆನ್ನು ಹಾಕಿ ನಿಂತಿದ್ದಳು. ಎರಡು ಸಾಲು ಆಚೆ ಇದ್ದ ಆಂಜಿನಮ್ಮನ ಕಣ್ಣಿಗೆ ಮಾತ್ರ ಮಿಷನ್ನಿನ ಕಾಲುಗಳ ನಡುವೆ ಒಂದು ತೆರೆದ ಬಾಯಿ ಬಿತ್ತು. ಗಡ್ಡ ಮೀಸೆ ಇದ್ದರೂ ಆ ಮಾತು ತಪ್ಪುವ ಹಾಗಿರಲಿಲ್ಲ. ಅಕ್ಕಾ!

ಅವಳು ಹೇಗೆ ಓಡಿದಳೋ ಅವಳಿಗೇ ಗೊತ್ತಿಲ್ಲ. ಮೇನ್ ಸ್ವಿಚ್ಚಿನ ಹಿಡಿಗೆ ಜೋತುಬಿದ್ದು ಕೆಳಗೆಳೆದಳು. ಶೆಡ್ಡಿಗೆ ಶೆಡ್ಡೇ ನಿಲ್ಲತೊಡಗಿತು. ಶಾಫ್ಟು ಇನ್ನೂ ಓಟದಲ್ಲೇ ತಿರುಗುತ್ತಿದ್ದಾಗ ಅವಳು ನೆಲಕ್ಕೆ ಬಿದ್ದು, ದಾರ ಕತ್ತರಿಸುವ ಬ್ಲೇಡಿನಿಂದ ಅವನ ಕೂದಲನ್ನು ಹಿಡಿಹಿಡಿಯಾಗಿ ಕೊಯ್ದಳು. ಅವನ ನೆತ್ತಿ ತರಚಿ ರಕ್ತ ಬರುತ್ತಿತ್ತು, ಜೀವಕ್ಕೆ ಏನೂ ಆಗಿರಲಿಲ್ಲ. ಹೊರಗೆಳೆದು ಕೂರಿಸಿದ ಮೇಲೆ ಆಂಜಿನಮ್ಮನಿಗೆ ಸಿಟ್ಟು ಬಂತು. ಸಿಟ್ಟು ಬಂದರೆ ಅವಳ ಬಾಯಿಗೆ ತವರಿನ ತೆಲುಗೇ ಬರುತ್ತಿದ್ದದ್ದು. “ಬುದ್ಧುಂದಾ ರಾ ನೀಕಿ? ಬುದ್ಧಿ ಐತೇನೋ?” ಎಂದು ಅವನ ಬೆನ್ನಿಗೊಂದು ಗುದ್ದಿದಳು, ಗುದ್ದಿ ಅವನ ತಲೆಯನ್ನು ತನ್ನ ಕರೀ ಅಂಗಿಗೆ ಒತ್ತಿಕೊಂಡು ಗೊಳೋ ಎಂದು ಅತ್ತಳು. ಅವನೂ ಅತ್ತ.

ಎರಡು ದಿನ ಬಿಟ್ಟು ಬಂದ ಕೋನಪ್ಪನ ತಲೆ ಬೋಳು, ಮುಖ ಬೋಳು. ಅರೆಬರೆ ಉಳಿದ ಕೂದಲನ್ನು ನೋಡಲಾರದೆ ಅವನಮ್ಮ ಕ್ಷೌರದವನನ್ನು ಕರೆಸಿ ಎಲ್ಲವನ್ನೂ ಬೋಳಿಸಿಬಿಟ್ಟಿದ್ದಳು. ಶೆಡ್ಡಿನ ಹೆಂಗಸರು “ತಿರುಪ್ತಿ ಲಡ್ಡು ಎಲ್ಲಪ್ಪಾ?” ಎಂದು ಕೈ ಚಾಚಿದರು. ಮಧ್ಯಾಹ್ನ ಅವನು ಹುಣಸೆ ಮರದ ಕೆಳಗೆ ಬಂದು ಆಂಜಿನಮ್ಮನ ಎದುರು ಕೂತ. ಅವಳು ಎದ್ದುಹೋಗಲಿಲ್ಲ.

“ನಾನು ಬೆಂಗಳೂರಿಗೆ ಹೋಗಲ್ಲಕ್ಕ” ಎಂದ. ಗಡ್ಡ ಹೋದ ಮುಖದಲ್ಲಿ ತುಟಿ ಎಳೆಮಗುವಿನ ತುಟಿಯ ಹಾಗೆ ಕಾಣುತ್ತಿತ್ತು, ಒಂದೊಂದು ಮಾತೂ ನಿಚ್ಚಳ. “ಈ ಬುರುಡೆ ಇಟ್ಕೊಂಡು ಅವ್ರ ಮಧ್ಯೆ ಹೆಂಗೆ ನಿಂತ್ಕಳ್ಲಿ? ಯಾರೂ ನನ್ನ ನಮ್ಮೋನು ಅನ್ನಲ್ಲ.”

“ಹಾಡು ಕೇಳೋದು ಕಿವೀಲೋ, ಕೂದ್ಲಲ್ಲೋ?” ಅಂದುಬಿಟ್ಟಳು ಆಂಜಿನಮ್ಮ. ಕಿವಿ ಎಂಬ ಮಾತು ಬಾಯಿಂದ ಹೊರಟ ಮೇಲೆ ಅವಳಿಗೇ ಚುಳ್ಳೆಂದಿತು. “ಕಿವಿ ಇದ್ದೋನು ಕೇಳೋಕೆ ಹೋಗಲ್ಲ ಅಂತಾನಲ್ಲಪ್ಪ. ಹೋಗ್ಬಾ. ಸುಮ್ನೆ ಹೋಗ್ಬಾ.”

ಕೋನಪ್ಪ ಅವಳ ಮುಖ ನೋಡಿದ. “ನೀನು ಬರ್ತೀಯಾಕ್ಕ? ಬಂದ್ರೆ ಹೋಗಣ.”

“ಸೀರೆ ಉಟ್ಕೊಂಡು, ಹೂ ಮುಡ್ಕೊಂಡು ಬರ್ತೀನಿ, ಆಗ್ತದಾ?”

“ಹೆಂಗಾದ್ರೂ ಬಾರಕ್ಕ” ಎಂದ. ಅವಳು ಯಾಕೆ ಹಾಗೆ ಕೇಳಿದಳೆಂದು ಅವನಿಗೆ ಹೊಳೆಯಲಿಲ್ಲ.

ಮನೆಯಲ್ಲಿ ಚೆನ್ನರಾಯಪ್ಪ ಅವಳ ಎದುರಿಗೆ ಬಂದು ಕೂತು, “ಏನು ಹಾಡು ಅದು? ಭಜನೆನಾ?” ಎಂದ. “ಅಂಥದ್ದೇ” ಎಂದಳು. “ಹೋಗ್ಬಿಟ್ಟು ಬಾ” ಎಂದ. ಹೊಡೆದಾಟ ಎದುರಿಗೇ ನೋಡಬಹುದೆಂದು ಶ್ಯಾಮಲಮ್ಮನೂ ಹೊರಟಳು. ಭಾನುವಾರ ಬಸ್‌ಸ್ಟ್ಯಾಂಡಿಗೆ ಶ್ಯಾಮಲಮ್ಮ ಬಂದದ್ದು ಮದುವೆಗೆ ಹೊರಟವಳ ಹಾಗೆ, ಜರಿಯಂಚಿನ ಸೀರೆ, ಕೆನ್ನೆಗೆ ಪೌಡರು. ಆಂಜಿನಮ್ಮ ಒಗೆದ ವಾಯಿಲ್ ಸೀರೆಯುಟ್ಟು, ಕನಕಾಂಬರ ಮುಡಿದು, ಸೀರೆಯ ಮೇಲೆ ಶೆಡ್ಡಿನ ಕರೀ ಅಂಗಿ ತೊಟ್ಟಿದ್ದಳು.

“ಥೂ, ಕೆಲಸದ ಅಂಗಿ ಯಾಕೇ ಇವತ್ತು?” ಎಂದಳು ಶ್ಯಾಮಲಮ್ಮ.

“ನಾನು ಈ ಹಾಡು ಕೇಳಿದ್ದೆಲ್ಲಾ ಈ ಅಂಗೀಲೇ ಕಣೇ. ಬೇರೆ ಹಾಕ್ಕೊಂಡೋದ್ರೆ ಹಾಡಿಗೆ ನನ್ನ ಗುರ್ತು ಸಿಗ್ಬೇಡ್ವಾ?”

ಕೋನಪ್ಪ ಇಬ್ಬರಿಗೂ ಬಸ್ಸಿನಲ್ಲಿ ಸೀಟು ಹಿಡಿದ. ಅವನು ಆ ದಿನ ಸರಪಳಿಯನ್ನೂ ಹಾಕಿರಲಿಲ್ಲ.

ಮೈದಾನದ ತುಂಬ ಹುಡುಗರು. ಎಲ್ಲರದೂ ಕಪ್ಪು, ಎಲ್ಲರದೂ ಕೂದಲು, ಎದೆಯ ಮೇಲೆ ಅತ್ತೆ ನೋಡಿದರೆ ಕುಂಕುಮದ ಭರಣಿಯನ್ನೇ ಖಾಲಿ ಮಾಡುವಷ್ಟು ಮಾರಮ್ಮಗಳು. ಹಾಡು ಇನ್ನೂ ಶುರುವಾಗಿರಲಿಲ್ಲ. ಕೋನಪ್ಪ ಇಬ್ಬರನ್ನೂ ಹಿಂದೆ ಒಂದು ಮರದ ಕೆಳಗೆ ನಿಲ್ಲಿಸಿ, ಗೆಳೆಯರನ್ನು ಮಾತಾಡಿಸಿ ಬರುತ್ತೇನೆಂದು ಮುಂದೆ ಹೋದ. ವೇದಿಕೆ ದೂರ, ಆಳೆತ್ತರದ ಸ್ಪೀಕರು ಇನ್ನೂ ದೂರ. ಇಲ್ಲಿ ನಿಂತರೆ ತನಗೆ ಏನೂ ಕೇಳಿಸುವುದಿಲ್ಲ ಎಂದು ಆಂಜಿನಮ್ಮನಿಗೆ ಗೊತ್ತಾಯಿತು. ಇಷ್ಟು ದೂರ ಬಂದು, ಎದುರಿಗೇ ಇದ್ದು, ಕೇಳಿಸದೆ ವಾಪಸು ಹೋಗುತ್ತೇನೆ ಎಂದುಕೊಂಡಳು. ಬಾಯಿಬಿಟ್ಟು ಹೇಳೋಣವೆಂದರೆ ಏನೆಂದು ಹೇಳುವುದು?

ದೂರದಲ್ಲಿ ಕೋನಪ್ಪನ ಗೆಳೆಯರು ಅವನ ಬೋಳು ತಲೆ ಸವರಿ ನಗುತ್ತಿದ್ದರು. ಅವರಲ್ಲೊಬ್ಬ ಉದ್ದ ಕೂದಲಿನವನು ಮರದ ಕಡೆ ಕೈ ತೋರಿಸಿದ. ಅವನ ತುಟಿ ಹೇಳಿತು, “ಯಾರೋ ಆ ಆಂಟಿ? ಇದೇನೋ ಡ್ರೆಸ್ಸು? ದಾರಿ ತಪ್ಪಿ ಬಂದಿದ್ದಾರಾ?”

ಆಂಜಿನಮ್ಮ ಕಣ್ಣು ತಿರುಗಿಸಬೇಕೆಂದುಕೊಂಡಳು. ಒಂದು ಸಲ ಗಾಜಿನಾಚೆ ನೋಡಿದ್ದೇ ಸಾಕಾಗಿತ್ತು, ಮತ್ತೊಮ್ಮೆ ಬೇಡ. ಆದರೆ ಕಣ್ಣು ಮಾತು ಕೇಳಬೇಕಲ್ಲ. ಕೋನಪ್ಪ ಅವಳ ಕಡೆ ತಿರುಗಿ ಒಮ್ಮೆ ನೋಡಿ, ಮತ್ತೆ ಗೆಳೆಯನ ಕಡೆ ತಿರುಗಿದ. ಬೋಳು ಮುಖದಲ್ಲಿ ತುಟಿ ನಿಚ್ಚಳವಾಗಿ ಆಡಿತು.

“ನಮ್ಮಕ್ಕ ಕಣೋ. ನಾನು ಇವತ್ತು ಇಲ್ಲಿ ನಿಂತಿದ್ರೆ ಅವ್ಳಿಂದ. ಅವ್ಳಿಗೆ ಕಿವಿ ಹೋಗ್ತಾ ಐತೆ, ಹೊರಗೆ ಕೂತಾಗ್ಲೂ ಹಿಂದಿಂದ ಕರೆದ್ರೆ ತಿರುಗಲ್ಲ. ಯಾರ್ಗೂ ಹೇಳಿಲ್ಲ ಅವ್ಳು, ನಾನೂ ಕೇಳಿಲ್ಲ. ಈ ಹಾಡು ಬಿಟ್ರೆ ಅವ್ಳಿಗೆ ಬೇರೆ ಯಾವ್ದೂ ಕೇಳ್ಸಲ್ಲ. ಸ್ಪೀಕರ್ ಪಕ್ಕ ನಿಲ್ಲಿಸ್ಬೇಕು, ದಾರಿ ಬಿಡ್ಸಿ.”

ಆಂಜಿನಮ್ಮ ಮರಕ್ಕೆ ಒರಗಿದಳು. ಬಾಗಿಲ ಹತ್ತಿರದಿಂದ ಒಂದೊಂದೇ ಮಿಷನ್ನಿನಷ್ಟು ಒಳಗೆ ಬರುತ್ತಿದ್ದ ಪ್ಲೈವುಡ್ ಪೆಟ್ಟಿಗೆ ಅವಳ ಕಣ್ಣ ಮುಂದೆ ಬಂತು. ಅದು ಅವಳ ಅದೃಷ್ಟವಾಗಿರಲಿಲ್ಲ, ಯಾವ ಗೋಡೆಯ ವೈರಿಂಗೂ ಕೆಟ್ಟಿರಲಿಲ್ಲ. ಅವಳ ಕಿವಿ ಒಂದು ಹೆಜ್ಜೆ ಹಿಂದೆ ಸರಿದಾಗಲೆಲ್ಲ ಅವನು ಹಾಡನ್ನು ಒಂದು ಹೆಜ್ಜೆ ಮುಂದೆ ತಂದು ಇಟ್ಟಿದ್ದ. ಅವನ ಮೇಲೆ ಮುನಿಸಿಕೊಂಡಿದ್ದ ದಿನಗಳಲ್ಲೂ ತಂದಿದ್ದ. ತನ್ನ ಪುಣ್ಯ ದೊಡ್ಡದು ಎಂದು ಅವಳಿಗೆ ಅನ್ನಿಸಿತು.

ಕೋನಪ್ಪ ಓಡಿಬಂದು, “ಬಾಕ್ಕ, ಮುಂದೆ ಜಾಗ ಮಾಡವ್ರೆ” ಎಂದ. ಅವಳು ಓದಿದ್ದನ್ನು ಹೇಳಲಿಲ್ಲ. ಉದ್ದ ಕೂದಲಿನ ಹುಡುಗರು ಎರಡೂ ಕೈ ಚಾಚಿ ಜನರನ್ನು ಸರಿಸಿ ದಾರಿ ಮಾಡಿದರು. ಅವರಲ್ಲೊಬ್ಬ ಅವಳ ಕರೀ ಅಂಗಿ ನೋಡಿ ಮುಗುಳ್ನಕ್ಕು, “ಸರಿಯಾಗೇ ಬಂದಿದ್ದೀರಾಮ್ಮ” ಎಂದ. ಸ್ಪೀಕರಿನ ಪಕ್ಕದಲ್ಲಿ ಹಲಗೆ ಹಾಸಿದ್ದರು. ಆಂಜಿನಮ್ಮ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಅದರ ಮೇಲೆ ನಿಂತಳು.

ಶುರುವಾಯಿತು. ಅಂಗಾಲಿನಿಂದ ಎದೆಗೆ, ಎದೆಯಿಂದ ಕಿವಿಗೆ. ಈ ಸಲ ನಡುವೆ ಮಿಷನ್ನಿರಲಿಲ್ಲ. ಡ್ರಮ್ಮು ಬೇರೆ, ಗಿಟಾರು ಬೇರೆ, ಕೂಗುವವನು ಉಸಿರು ಎಳೆದುಕೊಳ್ಳುವುದೂ ಬೇರೆ, ಎಲ್ಲ ಬಿಡಿ ಬಿಡಿಯಾಗಿ ಬಂದು ಅವಳೊಳಗೆ ಸೇರಿದವು. ಸುತ್ತಲಿನ ಹುಡುಗರೆಲ್ಲ ತೋರುಬೆರಳು ಕಿರುಬೆರಳು ಎತ್ತಿ ಹಿಡಿದರು. ಶ್ಯಾಮಲಮ್ಮ ತುಟಿಯಲ್ಲಿ, “ಅಯ್ಯಯ್ಯೋ, ಊರಿಗೂರ್ದೇ ದಾರ ಕಡ್ದೋಗೈತೆ!” ಎಂದಳು. ಅಷ್ಟು ಜನರಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ತಲುಪುತ್ತಿದ್ದದ್ದು ಆ ಇಬ್ಬರು ಹೆಂಗಸರದ್ದು ಮಾತ್ರ.

ಕೋನಪ್ಪ ಅವಳ ಮುಂದೆ ಬಂದು, ದನಿ ಹೊರಡಿಸದೆ, ಶೆಡ್ಡಿನವರ ಹಾಗೆ ತುಟಿಯಲ್ಲೇ ಕೇಳಿದ. “ಕೇಳ್ತಾ ಐತಾ ಅಕ್ಕ?”

“ಎಲ್ಲಾ ಕೇಳ್ತಾ ಐತೆ ಕಣಪ್ಪ” ಎಂದಳು ಆಂಜಿನಮ್ಮ, ಕರೀ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತ.

ಸಂಜೆ ಮನೆ ಮುಟ್ಟಿದಾಗ ಚೆನ್ನರಾಯಪ್ಪ ಬುಡ್ಡಿಗೆ ಸೀಮೆಎಣ್ಣೆ ಹಾಕುತ್ತಿದ್ದ. ಅವಳು ಅವನ ಪಕ್ಕದಲ್ಲಿ ಕೂತಳು. ಹೊರಗಿನವನಾದ ಕೋನಪ್ಪನಿಗೇ ಗೊತ್ತಿದ್ದ ಮೇಲೆ ಕಟ್ಟಿಕೊಂಡ ಗಂಡನಿಂದ ಮುಚ್ಚಿಡುವುದು ಸರಿಯಲ್ಲ ಎನ್ನಿಸಿತ್ತು. “ನಿಮ್ಗೊಂದು ಹೇಳ್ಬೇಕು. ನಂಗೆ ಕಿವಿ ಕೇಳ್ಸಲ್ಲ. ಸುಮಾರು ದಿನ ಆಯ್ತು.”

ಚೆನ್ನರಾಯಪ್ಪ ಬತ್ತಿ ಹಚ್ಚಿ, ದೀಪವನ್ನು ತನ್ನ ಮುಖದ ಹತ್ತಿರ ಎತ್ತಿ ಹಿಡಿದು, ಅವಳ ಎದುರಿಗೆ ಸರಿದು ಕೂತ. ಈಚೆಗೆ ಏನು ಹೇಳುವುದಿದ್ದರೂ ಅವನು ಎದುರಿಗೆ ಬಂದು ಕೂತೇ ಹೇಳುತ್ತಿದ್ದ ಎಂಬುದು ಅವಳಿಗೆ ಆಗ ನೆನಪಾಯಿತು.

“ಮೇಕೆ ತಂದಿದ್ ದಿನಾನೇ ಗೊತ್ತಾಯ್ತು” ಎಂದ. “ಕೇಳ್ಸಿದ್ರೆ ನೀನು ತರೋಕೆ ಬಿಡ್ತಿದ್ದಾ?”